ನಂಬರು ಉಜ್ಜಿದ ಸೈಕಲ್ಲು

ಹೊಳೆದಂಡೆಯ ಬೇವಿನ ಮರದ ಕೆಳಗೆ ರಾಜೇಸಾಬ್ ಎಂಬ ಉಸ್ತಾದರು ಹಳೇ ಸೈಕಲ್ಲುಗಳಿಗೆ ಮತ್ತೆ ಜೀವ ಕೊಡುತ್ತಿದ್ದರು. ಫಕ್ಕೀರೇಶ ಅವರ ಶಿಷ್ಯ. ಅವನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಒಂದು ಮುಂಜಾನೆ ಕಸ್ತೂರೆವ್ವ ಎಂಬ ಹೆಂಗಸು ಗೋಣಿಚೀಲದಲ್ಲಿ ಸುತ್ತಿದ ಫ್ರೇಮೊಂದನ್ನು ತಂದು ಅವರ ಮುಂದಿಟ್ಟಳು. ಉಕ್ಕು ಗಟ್ಟಿಯಾಗಿತ್ತು. ಆದರೆ ಮುಂದೆ ಕಂಪನಿಯ ಬಿಲ್ಲೆ ಇಲ್ಲ, ಸೀಟಿನ ಬುಡದಲ್ಲಿ ನಂಬರೂ ಇಲ್ಲ.

"ನಮ್ಮವ್ವಂದರೀ ಇದು. ನರ್ಸಬಾಯಿ ಆಗಿದ್ಲು. ಇದರ ಮ್ಯಾಲೆ ಹಳ್ಳಿ ಹಳ್ಳಿಗೆ ಹೋಗಿ ಹೆರಿಗಿ ಮಾಡಿಸ್ತಿದ್ಲು."

"ಹೊಸದರಂಗ ಮಾಡಬೇಕೇನವ್ವಾ?" ಎಂದರು ಉಸ್ತಾದರು.

"ಅದು ಆಮ್ಯಾಲಿನ ಮಾತು. ಅವ್ವ ಪ್ಯಾಟ್ಯಾಗಿನ ರಿಪೇರಿ ಅಂಗಡ್ಯಾಗ ಇದನ್ನ ತಗೊಂಡಿದ್ಲು. ನಂಬರ್ ಇಲ್ಲಂತ ಊರ ಮಂದಿ ಕದ್ದ ಮಾಲು ಅಂದ್ರು. ಸಾಯೋತನಕಾ ಅಂದ್ರು. ಅವರ ಮಕ್ಕಳನ್ನ ತನ್ನ ಕೈಯಾಗ ಹಿಡದಾಕಿಗೆ ಅಂದ್ರು! ಇದು ಯಾವ ಸೈಕಲ್ಲು, ಖರೇ ಹೇಳ್ರಿ. ಕದ್ದದ್ದಾದ್ರ ಹೊಳಿಗೆ ಒಗೀತೀನಿ."

ಉಸ್ತಾದರು ಫ್ರೇಮನ್ನು ಶಿಷ್ಯನ ಕಡೆ ತಳ್ಳಿದರು. "ನೋಡಿ ಹೇಳು."

ಫಕ್ಕೀರೇಶ ನೋಡಿದ. ಮುಂಭಾಗದ ಕೊಳವೆಗಳು ಕೂಡುವ ಗೆಣ್ಣುಗಳಲ್ಲಿ ಎಲೆಯ ತುದಿಯಂಥ ಚೂಪು ಕೆತ್ತನೆ ಇತ್ತು. ಅದು ವಿಲಾಯಿತಿ ಕೆಲಸ, ಅನುಮಾನವೇ ಇಲ್ಲ. ಹಿಂದಿನ ಗಾಲಿ ಹಿಡಿಯುವ ಕೊಳವೆಗಳ ತುದಿ ಮಾತ್ರ ಚಪ್ಪಟೆ ಬಡಿದದ್ದು. ಅದು ನಮ್ಮ ಕಡೆಯ ಕಾರ್ಖಾನೆಯದು. ಸೀಟಿನ ಬುಡದ ಗೆಣ್ಣಿನ ಮೇಲೆ, ನಂಬರು ಇರಬೇಕಾದ ಜಾಗದಲ್ಲೇ, ಅರ ಹಾಕಿ ಉಜ್ಜಿದ ಗೆರೆಗಳಿದ್ದವು.

ಅವನ ಮೈಯೆಲ್ಲ ಉರಿದುಹೋಯಿತು.

"ಕಳ್ಳಮಾಲು ಉಸ್ತಾದ್! ಎರಡು ಸೈಕಲ್ ಮುರದು ಒಂದು ಮಾಡ್ಯಾರ. ಸಿಕ್ಕಬೀಳಬಾರದಂತ ನಂಬರ್ ಉಜ್ಜ್ಯಾರ. ಪಾಪದ ನರ್ಸಬಾಯಿ ತಲಿಗೆ ಕಟ್ಟ್ಯಾರ. ಅಂಥವನ ಕೈ ಮುರೀಬೇಕು!"

ಕಸ್ತೂರೆವ್ವ ಫ್ರೇಮನ್ನು ಹೆಗಲಿಗೇರಿಸಿಕೊಂಡು ನೇರ ನೀರಿನ ಕಡೆ ನಡೆದಳು.

"ನಿಲ್ಲವ್ವಾ," ಎಂದು ಉಸ್ತಾದರು ಕೂಗಿದರು. ಅವರು ದನಿ ಎತ್ತಿದ್ದನ್ನು ಫಕ್ಕೀರೇಶ ಅದುವರೆಗೆ ಕೇಳಿರಲಿಲ್ಲ. "ಇವ ಅರ್ಧಾ ನೋಡ್ಯಾನ, ಪೂರಾ ಬೈದಾನ."

ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯನ್ನು ಶಿಷ್ಯನ ಮೇಲೆ ಎಸೆದರು. "ಒರಸು. ಎಮರಿ ಪೇಪರ್ ಮುಟ್ಟಬ್ಯಾಡ, ಗುರುತು ಅಳಸತದ."

ಅವಳು ನೀರಿನಂಚಿನಲ್ಲೇ ಫ್ರೇಮನ್ನು ಇಳಿಸಿದಳು. ಫಕ್ಕೀರೇಶ ಮಂಡಿಯೂರಿ ಒರೆಸಿದ. ಕರಿ ಜಿಡ್ಡು ಹೋಗುತ್ತಲೇ ಅರದ ಗೆರೆಗಳೊಳಗೆ ಹಳದಿ ಹೊಳಪು ಕಂಡಿತು.

"ಏನದು?" ಪಕ್ಕಕ್ಕೆ ಬಂದು ಕೂತ ಉಸ್ತಾದರು ಕೇಳಿದರು.

"ಹಿತ್ತಾಳಿ. ಹಿಂದಿನ ಕೊಳವಿ ಬೆಸಗಿ ಹಾಕಿದಾಗ ಹರದು ಬಂದದ."

"ಗೆರಿ ಮೊದಲೋ, ಹಿತ್ತಾಳಿ ಮೊದಲೋ?"

"ಗೆರಿ ಮೊದಲು. ಹಿತ್ತಾಳಿ ಅದರೊಳಗ ಕುಂತದ. ಬೆಸಗಿ ಹಾಕಿದವನೇ ನಂಬರ್ ಉಜ್ಜ್ಯಾನ." ಅವನ ದನಿ ಮತ್ತೆ ಏರಿತು. "ನಾ ಹೇಳಲಿಲ್ಲೇನ್ರಿ, ಅವನೇ ಕಳ್ಳ!"

"ಮುಂದ ಒರಸು. ಬಿಲ್ಲಿ ಇದ್ದಲ್ಲೆ."

ಬಿಲ್ಲೆ ಕೂರಿಸಿದ್ದ ತೂತುಗಳು ಸಿಕ್ಕವು. ಅವುಗಳನ್ನೂ ಅದೇ ಹಿತ್ತಾಳೆಯಿಂದ ತುಂಬಿ ನುಣ್ಣಗೆ ತಿಕ್ಕಲಾಗಿತ್ತು.

"ಕಳ್ಳ ನಂಬರ್ ಉಜ್ಜತಾನ, ಒಪ್ಪಿದೆ," ಎಂದರು ಉಸ್ತಾದರು. "ವಿಲಾಯಿತಿ ಬಿಲ್ಲಿ ಯಾಕ ಕೀಳತಾನ? ಅದನ್ನ ನೋಡೇ ಮಂದಿ ಬಾಯಿ ಬಿಡತಾರ. ಅದಿಲ್ಲಂದ್ರ ಕಳ್ಳನ ಮಾಲು ಯಾರು ಮೂಸತಾರ?"

ಫಕ್ಕೀರೇಶ ಮುಚ್ಚಿದ ತೂತುಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದ.

"ಹಳೇ ಬೆಸಗಿಯವರದು ಒಂದು ನೇಮ ಇತ್ತು. ಮುರಿದ ಫ್ರೇಮಿಗೆ ಇನ್ನೊಂದು ಕಂಪನಿಯ ಕೊಳವಿ ಕೂಡಿಸಿದ್ರ ಬಿಲ್ಲಿ ತಗೀಬೇಕು, ನಂಬರ್ ಅಳಸಬೇಕು. ಅರ್ಧಾ ವಿಲಾಯಿತಿನ ಪೂರಾ ವಿಲಾಯಿತಿ ಅಂತ ಮುಂದ ಯಾರೂ ಯಾರಿಗೂ ಮಾರಬಾರದು. ಅಂಥವನ ಕೈ ಮುರೀಬೇಕು ಅಂದ್ಯಲ್ಲೋ!"

ಕಸ್ತೂರೆವ್ವ ಫ್ರೇಮಿನ ಮೇಲೆ ಕೈಯಿಟ್ಟಳು. ಬಂದದ್ದು ಅಳುವಲ್ಲ, ಸಿಟ್ಟು. "ಹಂಗಾರ ಮೋಸ ಬ್ಯಾಡಂದವನ ಕೈಯಿಂದ ತಗೊಂಡು ನಮ್ಮವ್ವ ಕಳ್ಳಿ ಆದ್ಲೇನ್ರಿ? ಒಬ್ಬರೂ ಬಗ್ಗಿ ನೋಡಲಿಲ್ಲ! ಮಕ್ಕಳ ಹೆರಿಗಿಗೆ ಮಾತ್ರ ಇದೇ ಸೈಕಲ್ಲಿನ ದಾರಿ ಕಾದ್ರು!"

ಆ ಮಾತಿಗೆ ಫಕ್ಕೀರೇಶನ ಮುಖ ಕೆಂಪಾಯಿತು. ಊರವರ ಮೇಲಿನ ಸಿಟ್ಟಿನಲ್ಲಿ ತನ್ನ ಮೇಲಿನದೂ ಸೇರಿತ್ತು. ಅವಳ ಮುಂದೆ ನಿಂತು ಅದೇ ಮಾತು ಆಡಿದವನು ತಾನೂ ಅಲ್ಲವೇ.

"ಉಸ್ತಾದ್, ಇದಕ್ಕ ವಿಲಾಯಿತಿ ಬಿಲ್ಲಿ ಹೊಡೀತೀನಿ. ಹೊಸ ನಂಬರ್ ಕುಟ್ಟತೀನಿ. ಕಸ್ತೂರಕ್ಕ ಊರ ನಡುವ ತಳ್ಳಕೊಂಡು ಹೋಗ್ಲಿ. ಒಬ್ಬೊಬ್ಬರ ಬಾಯಿಗೂ ಬೀಗ ಬೀಳಬೇಕು!"

ಉಸ್ತಾದರು ಎದ್ದು ಹೋಗಿ ಡಬ್ಬಿಯಿಂದ ಹಳೆಯ ವಿಲಾಯಿತಿ ಬಿಲ್ಲೆಯೊಂದನ್ನು ತಂದರು. ಸುತ್ತಿಗೆಯ ಜೊತೆ ಅವನ ಕೈಗಿಟ್ಟರು.

"ಹೊಡಿ."

ಅವನು ಬಿಲ್ಲೆಯನ್ನು ಮುಂದಿಟ್ಟು ಸುತ್ತಿಗೆ ಎತ್ತಿದ. ಕಣ್ಣು ಹಿಂದಿನ ಚಪ್ಪಟೆ ತುದಿಗಳ ಮೇಲೆ ಬಿತ್ತು. ಎತ್ತಿದ ಕೈ ಹಾಗೇ ನಿಂತಿತು.

"ಹಿಂದಿನ ಅರ್ಧಾ ಇವರದಲ್ಲ."

"ಹಂಗಾರ ಹಿಂದಿನವರ ಬಿಲ್ಲಿ ಕೊಡಲೇನು?"

"ಮುಂದಿನ ಅರ್ಧಾ ಅವರದಲ್ಲ."

ಅವನು ಸುತ್ತಿಗೆ ಕೆಳಗಿಟ್ಟು ಕಸ್ತೂರೆವ್ವನ ಮುಖ ನೋಡಿದ.

"ಇದ್ದದ್ದು ಇದ್ದಂಗ ಇರಲಿ," ಎಂದಳು ಅವಳು. "ನಮ್ಮವ್ವ ಸುಳ್ಳು ಹತ್ತಿಸಿಕೊಂಡು ತಿರುಗಿದಾಕಿ ಅಲ್ಲ. ಬಣ್ಣ ಅಷ್ಟ ಹಚ್ಚಪಾ, ಸಾಕು."

ಫಕ್ಕೀರೇಶ ತಲೆಯಾಡಿಸಿದ.

"ಬಿಲ್ಲಿ ಇಲ್ಲ, ನಂಬರ್ ಇಲ್ಲ. ನಾ ಎಷ್ಟು ಚೊಲೋ ಮಾಡಿಕೊಟ್ರೂ ನಾಳೆ ನೋಡಿದವರು ಏನಂತಾರ ಉಸ್ತಾದ್?"

ಉಸ್ತಾದರು ಬಿಲ್ಲೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು.

"ನಿನ್ನಂಥವ ಒಬ್ಬ ಬರತಾನ. ಸೀಟಿನ ಬುಡ ನೋಡತಾನ. ನಿನಗ ಕಳ್ಳ ಅಂತಾನ. ಅನ್ನಿಸ್ಕೋ."