ಆಮೆನ್ ಆಗುವ ತನಕ

"ಅಯ್ಯನವರೇ, ದೇವರಿಗೆ ಕೇಳಿಸದ ಪ್ರಾರ್ಥನೆ ಅಂತ ಒಂದು ಇರುತ್ತದೆಯೇ?"

ಹೀಗೆ ಕೇಳಿದವನು ಜಯಶೀಲ. ಕೇಳಿದ್ದು ಹನೋಕ ಉಪದೇಶಿಗಳನ್ನು. ಉಪದೇಶಿಗಳು ಆ ಸೀಮೆಯ ಹಳ್ಳಿಗಳ ಕ್ರೈಸ್ತ ಸಭೆಗಳಲ್ಲಿ ಜೀವಮಾನವೆಲ್ಲ ಬೈಬಲಿನ ವಾಕ್ಯ ಹೇಳಿಕೊಟ್ಟು ಹಣ್ಣಾದವರು. ಜಯಶೀಲ ಅವರ ಬಳಿ ಪ್ರಸಂಗ ಮಾಡುವುದನ್ನು ಕಲಿಯುತ್ತಿದ್ದ, ಹೆಂಡತಿ ಮಕ್ಕಳಿರುವ ಗಂಡಸು. ಭಾನುವಾರದ ಆರಾಧನೆ ಮುಗಿದು ಜನ ಮನೆಗೆ ಹೋಗಿದ್ದರು. ಇವರಿಬ್ಬರೇ ದೇವಾಲಯದ ಮೆಟ್ಟಿಲ ಮೇಲೆ ಕುಳಿತಿದ್ದರು.

"ಯಾಕಪ್ಪಾ, ನಿನ್ನದು ಯಾವುದಾದರೂ ವಾಪಸ್ಸು ಬಂತೇ?" ಎಂದರು ಉಪದೇಶಿಗಳು.

ಜಯಶೀಲ ನಗಲಿಲ್ಲ. "ನನ್ನ ತಮ್ಮನ ವಿಷಯ ನಿಮಗೆ ಗೊತ್ತೇ ಇದೆ. ಅವನು ಕುಡಿತ ಬಿಡಲಿ ಎಂದು ವಾರ ವಾರವೂ ಸಭೆಯ ಮುಂದೆ ನಿಂತು, ಅವನ ಹೆಸರು ಹಿಡಿದು, ಕಣ್ಣೀರು ಹಾಕಿ ಪ್ರಾರ್ಥಿಸಿದೆ. ಕುಡಿತ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಾದರೂ ಬಂದು ಕೂರುತ್ತಿದ್ದವನು ಈಗ ದೇವಾಲಯಕ್ಕೆ ಬರುವುದನ್ನೇ ಬಿಟ್ಟಿದ್ದಾನೆ. ದೇವರು ಕಿವಿ ಮುಚ್ಚಿಕೊಂಡಿದ್ದಾನೆ ಅನ್ನಿಸುತ್ತದೆ."

ಉಪದೇಶಿಗಳು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಒಬ್ಬ ಬಡಗಿಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಕೈಕೆಲಸ ಅಚ್ಚುಕಟ್ಟು, ನಡೆನುಡಿ ಅದಕ್ಕಿಂತ ಅಚ್ಚುಕಟ್ಟು. ಸಭೆಯ ಹಿರಿಯರಲ್ಲಿ ಒಬ್ಬ. ದೇವಾಲಯದ ಬೆಂಚುಗಳೆಲ್ಲ ಅವನು ಮಾಡಿದ್ದೇ. ಸುಳ್ಳು ಹೇಳಿದವನಲ್ಲ, ಕುಡಿದವನಲ್ಲ, ಒಬ್ಬರ ಮರವನ್ನು ಇನ್ನೊಬ್ಬರ ಕಿಟಕಿಗೆ ಹಾಕಿದವನಲ್ಲ. ಒಳ್ಳೆಯ ಮನುಷ್ಯನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟವನ ಕತೆಯಾದರೆ ನೀನು ಆರಾಮಾಗಿ ಕೇಳಿಸಿಕೊಂಡು ಮನೆಗೆ ಹೋಗಿ ಊಟ ಮಾಡಿಬಿಡುತ್ತೀಯ.

ಅವನ ಮನೆಯಲ್ಲಿ ದೀಪ ಹಚ್ಚಿದ ಕೂಡಲೇ ಕುಟುಂಬ ಪ್ರಾರ್ಥನೆ. ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚಿಕೊಳ್ಳಬೇಕೆಂದು ಕರ್ತನು ಹೇಳಿದ್ದಾನಲ್ಲ, ಬಡಗಿ ಅದನ್ನು ಅಕ್ಷರಕ್ಕೆ ಅಕ್ಷರ ಹಿಡಿದಿದ್ದ. ಬೀದಿ ಬಾಗಿಲು ಮುಚ್ಚಿ, ತಾನೇ ಹೊನ್ನೆಮರದಲ್ಲಿ ಮಾಡಿದ ಅಗುಳಿ ಜಡಿದು, ಆಮೇಲೆ ಮೊಣಕಾಲೂರುತ್ತಿದ್ದ. ಆಮೆನ್ ಆಗುವ ತನಕ ಯಾರೂ ಏಳುವ ಹಾಗಿಲ್ಲ, ಯಾರು ಬಂದರೂ ತೆರೆಯುವ ಹಾಗಿಲ್ಲ. ಒಮ್ಮೆ ಹಾಲು ಉಕ್ಕಿ ಒಲೆಯೇ ಆರಿಹೋಯಿತು. ಇನ್ನೊಮ್ಮೆ ಹಿತ್ತಲಲ್ಲಿ ಒಣಹಾಕಿದ್ದ ಹಪ್ಪಳವನ್ನು ಮೇಕೆ ಕಟಕಟ ತಿನ್ನುತ್ತಿದ್ದರೆ ಗಂಡ, ಹೆಂಡತಿ, ಮಗಳು ಮೂವರೂ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು. ಊರವರು ಇದನ್ನು ಹೇಳಿಕೊಂಡು ನಗುತ್ತಿದ್ದರು. ಬಡಗಿಗೆ ಅದೂ ಒಂದು ಹೆಮ್ಮೆಯೇ.

ಮಗಳ ಹೆಸರು ತಬಿತ. ಇದ್ದವಳು ಅವಳೊಬ್ಬಳೇ. ಅಪ್ಪನ ಮುದ್ದು, ಅಪ್ಪನದೇ ಹಟ. ವಯಸ್ಸಿಗೆ ಬಂದಾಗ ಬಡಗಿ ಅವಳನ್ನು ಇನ್ನೊಬ್ಬ ಹಿರಿಯನ ಮಗನಿಗೆ ಕೊಡುವುದಾಗಿ ಮಾತು ಕೊಟ್ಟ. ಅವಳು ಬೇಡವೆಂದಳು, ಅತ್ತಳು, ಊಟ ಬಿಟ್ಟಳು. ಇವನು ಕೇಳಲಿಲ್ಲ. ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯಲ್ಲಿ ಓದಿ ಹೇಳುವ ಪದ್ಧತಿ ನಮ್ಮಲ್ಲಿದೆಯಲ್ಲ, ಇಂಥವರಿಗೂ ಇಂಥವರಿಗೂ ಮದುವೆ, ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಬೇಕು ಎಂದು. ಯಾರು ತಿಳಿಸುತ್ತಾರೆ? ಕೆಮ್ಮುವವರು ಕೆಮ್ಮುತ್ತಾರೆ, ಅಷ್ಟೆ. ಕೊನೆಯ ಭಾನುವಾರ ಪಾದ್ರಿಯವರು ಓದಿ ಮುಗಿಸಿ ತಲೆಯೆತ್ತಿದರೆ, ಹೆಂಗಸರ ಸಾಲಿನಲ್ಲಿ ತಬಿತ ಎದ್ದು ನಿಂತಿದ್ದಾಳೆ. "ನನಗೇ ಆಕ್ಷೇಪಣೆ ಇದೆ" ಎಂದಳು.

ಅಬ್ಬಾ! ಬಡಗಿಗೆ ತಾನು ಮಾಡಿದ ಬೆಂಚಿನ ಕೆಳಗೇ ಹೋಗಿ ಅವಿತುಕೊಳ್ಳೋಣ ಅನ್ನಿಸಿತು. ಮದುವೆ ಮುರಿಯಿತು. ಮನೆಗೆ ಬಂದವನು ಆಡಬಾರದ ಮಾತೆಲ್ಲ ಆಡಿದ. ಮರುದಿನ ಮಗಳು ಬಟ್ಟೆ ಕಟ್ಟಿಕೊಂಡು ಪಟ್ಟಣದಲ್ಲಿದ್ದ ಚಿಕ್ಕಮ್ಮನ ಮನೆಗೆ ಹೊರಟುಹೋದಳು. ಅಲ್ಲೇ ಒಂದು ಆಸ್ಪತ್ರೆಯಲ್ಲಿ ದಾದಿಯ ಕೆಲಸಕ್ಕೆ ಸೇರಿದಳೆಂದು ಸುದ್ದಿ ಬಂತು. ಬಡಗಿ ಹೋಗಿ ನೋಡಲಿಲ್ಲ, ಹೇಗಿದ್ದೀಯ ಎಂದು ಕೇಳಿ ಕಳಿಸಲೂ ಇಲ್ಲ.

ವರ್ಷಗಳು ಕಳೆದವು. ಸಿಟ್ಟು ಇಳಿಯಿತು. ಸಿಟ್ಟು ಇದ್ದ ಜಾಗದಲ್ಲಿ ಮಗಳ ನೆನಪು ಬಂದು ಕೂತಿತು. ಕೀಸುಳಿ ಹಿಡಿದು ಮರ ಕೀಸಿದರೆ ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಏಳುತ್ತದಲ್ಲ, ತಬಿತ ಚಿಕ್ಕವಳಿದ್ದಾಗ ಆ ಸುರುಳಿಗಳನ್ನು ಕಿವಿಗೆ ನೇತುಹಾಕಿಕೊಂಡು, ನೋಡಪ್ಪಾ ನನ್ನ ಓಲೆ ಎಂದು ಕುಣಿಯುತ್ತಿದ್ದಳು. ಅದೇ ಕಣ್ಣಮುಂದೆ ಬಂದು ಕೈ ನಿಂತುಬಿಡುವುದು. ಮಗಳು ಬೇಕು ಅವನಿಗೆ. ಬೇರೇನೂ ಬೇಡ. ಆದರೆ ನೀವೇ ಒಮ್ಮೆ ಹೋಗಿ ಕರೆದುಕೊಂಡು ಬನ್ನಿ ಎಂದು ಹೆಂಡತಿ ಅಂದರೆ ಒಪ್ಪುತ್ತಿರಲಿಲ್ಲ. ತಪ್ಪಿದವಳು ಅವಳು, ಬರಬೇಕಾದವಳೂ ಅವಳೇ. ಮನೆ ಬಿಟ್ಟುಹೋದ ಮಗ ತಾನಾಗಿ ಎದ್ದು ತಂದೆಯ ಬಳಿಗೆ ಬಂದನೆಂದು ವಾಕ್ಯದಲ್ಲಿ ಇಲ್ಲವೇ? ನಾನು ಆ ತಂದೆಯ ಹಾಗೆ ಕಾಯುತ್ತೇನೆ, ಅನ್ನುತ್ತಿದ್ದ. ಪ್ರತಿ ಸಂಜೆ ಬಾಗಿಲು ಹಾಕಿ, ಅಗುಳಿ ಜಡಿದು, ನನ್ನ ಮಗಳನ್ನು ಕರೆದುಕೊಂಡು ಬಾ ಕರ್ತನೇ ಎಂದು ಬೇಡುತ್ತಿದ್ದ. ಆ ಬೇಡಿಕೆ ನಿಜವಾದದ್ದು, ಜಯಶೀಲ. ಅತ್ತು ಅತ್ತು ಬೇಡುತ್ತಿದ್ದ.

ಹೆಂಡತಿಗೆ ತಡೆಯಲಾಗಲಿಲ್ಲ. ಗಂಡನಿಗೆ ತಿಳಿಸದೆ ಪಟ್ಟಣದ ತನ್ನ ತಂಗಿಯ ಕೈಲಿ ಹೇಳಿಕಳಿಸಿದಳು, ಅಪ್ಪನ ಸಿಟ್ಟು ಇಳಿದಿದೆ, ದಿನಾ ನಿನಗಾಗಿ ಅಳುತ್ತಾರೆ, ಬಂದುಬಿಡು ಎಂದು.

ಒಂದು ಸಂಜೆ ಪ್ರಾರ್ಥನೆ ಆಗಷ್ಟೇ ಶುರುವಾಗಿತ್ತು. ಬಾಗಿಲು ತಟ್ಟಿದ ಸದ್ದಾಯಿತು. ಮೆಲ್ಲಗೆ. ಆಮೇಲೆ ಅಮ್ಮಾ ಎಂದು ಒಂದು ದನಿ.

ಬಡಗಿಗೆ ದನಿಯ ಗುರುತು ಸಿಕ್ಕಿತು. ಬಂದಳು! ಅವನ ತಬಿತ ಬಂದಳು! ಹೆಂಡತಿ ಆಗಲೇ ಒಂದು ಮೊಣಕಾಲು ಎತ್ತಿದ್ದಳು. ಬಡಗಿ ಕಣ್ಣು ಬಿಡದೆಯೇ ಕೈ ಚಾಚಿ, ಅವಳ ಸೆರಗು ಹಿಡಿದು ಕೂರಿಸಿದ. ಆಮೆನ್ ಆಗಿಲ್ಲವಲ್ಲ! ಇಷ್ಟು ವರ್ಷ ಕಾದವರಿಗೆ ಇನ್ನೊಂದು ಗಳಿಗೆ ಯಾವ ಲೆಕ್ಕ ಅಂದುಕೊಂಡ. ಅಷ್ಟೇ ಅಂದುಕೊಂಡಿದ್ದರೆ ಇದೂ ಹಾಲು ಉಕ್ಕಿದ ಕತೆಯ ಹಾಗೆ ನಕ್ಕು ಬಿಡುವ ಕತೆಯಾಗುತ್ತಿತ್ತೋ ಏನೋ. ಅವನಿಗೆ ಇನ್ನೊಂದು ಯೋಚನೆಯೂ ಬಂತು. ಕೇಳಲಿ, ಅಪ್ಪ ತನಗಾಗಿ ಎಷ್ಟು ಬೇಡುತ್ತಾನೆಂದು ಅವಳಿಗೂ ತಿಳಿಯಲಿ, ಮನಸ್ಸು ಕರಗಿಯೇ ಒಳಗೆ ಬರಲಿ.

ದನಿ ಏರಿಸಿದ. ದಾರಿ ತಪ್ಪಿದ ತಬಿತಳನ್ನು ನೆನಪು ಮಾಡಿಕೋ ಕರ್ತನೇ ಎಂದ. ತುಂಬಿದ ಸಭೆಯಲ್ಲಿ ತಂದೆಯ ತಲೆ ತಗ್ಗಿಸಿದವಳು ಎಂದ. ತಾಯಿಯ ಕಣ್ಣೀರಿಗೆ ಕಾರಣಳಾದವಳು, ಹಟಮಾರಿ, ಪಾಪದಲ್ಲಿ ಬಿದ್ದವಳು, ಆದರೂ ನಿನ್ನ ಸೇವಕನಾದ ನಾನು ಅವಳನ್ನು ಕ್ಷಮಿಸಿದ್ದೇನೆ ಎಂದ. ಮಾತು ಮಾತಿಗೂ ಹೆಸರು ಹಿಡಿದು ಹೇಳಿದ, ಬಾಗಿಲಾಚೆಗೂ ಸರಿಯಾಗಿ ಕೇಳಿಸಬೇಕಲ್ಲ! ಮಾತುಗಳು ತಾವಾಗಿ ಒದಗಿ ಬರುತ್ತಿದ್ದವು. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಪ್ರಾರ್ಥಿಸಿರಲಿಲ್ಲ. ಮತ್ತೆ ಬಾಗಿಲು ತಟ್ಟಿದ ಸದ್ದಾಗಲಿಲ್ಲ. ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಒಳಗೊಳಗೇ ಹಿಗ್ಗಿ ಇನ್ನಷ್ಟು ಹೇಳಿದ. ಪಕ್ಕದಲ್ಲಿ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಆಮೆನ್ ಎಂದವನೇ ಓಡಿ ಹೋಗಿ ಅಗುಳಿ ಸರಿಸಿದ. ಜಗಲಿಯ ಮೇಲೆ ಯಾರೂ ಇರಲಿಲ್ಲ.

ಎದುರು ಮನೆಯ ಅಜ್ಜಿ ತನ್ನ ಬಾಗಿಲಲ್ಲಿ ನಿಂತಿದ್ದಳು. ತಬಿತ ಮೊದಲು ನಗುತ್ತಲೇ ಜಗಲಿಯ ಮೇಲೆ ಕೂತಳಂತೆ. ಆಮೇಲೆ ಎದ್ದು ನಿಂತಳಂತೆ. ನಮ್ಮ ಮನೆಗಾದರೂ ಬಾ ಮಗಾ ಎಂದು ಅಜ್ಜಿ ಕರೆದರೆ, ಮುಖ ಮುಚ್ಚಿಕೊಂಡು ಹೊರಟೇಹೋದಳಂತೆ. ಬಡಗಿ ಚಪ್ಪಲಿ ಸಹ ಮೆಟ್ಟದೆ ಬಸ್ಸು ನಿಲ್ಲುವ ಕಟ್ಟೆಯ ತನಕ ಓಡಿದ. ಬಸ್ಸು ಹೋಗಿತ್ತು. ತಿರುಗಿ ಬಂದಾಗ ಹೆಂಡತಿ ಅವನ ಮುಖ ನೋಡಲಿಲ್ಲ. ವಾಕ್ಯದಲ್ಲಿರುವ ಆ ತಂದೆ, ಮಗ ಇನ್ನೂ ದೂರದಲ್ಲಿರುವಾಗಲೇ ಎದ್ದು ಅವನ ಬಳಿಗೆ ಓಡಿದನಲ್ಲವೇ ಎಂದಷ್ಟೇ ಅಂದು ಒಳಗೆ ಹೋದಳು.

ಮರುದಿನ ಬಡಗಿ ಪಟ್ಟಣಕ್ಕೆ ಹೋಗಿ, ಮಗಳಿದ್ದ ಮನೆಯ ಬಾಗಿಲು ತಟ್ಟಿದ. ತಬಿತ ಕಾಯಿಸಲಿಲ್ಲ, ಕೂಡಲೇ ತೆರೆದಳು. ಬನ್ನಿ ಎಂದಳು, ಚಾಪೆ ಹಾಸಿದಳು, ಕಾಫಿ ಕೊಟ್ಟಳು. ಅವನು ಲೋಟ ಮುಟ್ಟಲಿಲ್ಲ.

"ತಪ್ಪಾಯಿತು ಮಗಳೇ. ಬಾಗಿಲು ತೆಗೆಯಬೇಕಿತ್ತು. ಮನೆಗೆ ಬಾ" ಎಂದ.

"ಬಾಗಿಲಿಗೆ ನನಗೇನೂ ಬೇಜಾರಿಲ್ಲ, ಅಪ್ಪಾ. ಆಮೆನ್ ಆಗುವ ತನಕ ನೀವು ತೆಗೆಯುವುದಿಲ್ಲ ಅಂತ ನನಗೆ ಗೊತ್ತಿಲ್ಲವೇ? ಕಾಯೋಣ ಅಂತಲೇ ಕೂತೆ" ಎಂದಳು ತಬಿತ. "ಆವತ್ತು ಮನೆಯಲ್ಲಿ ನೀವು ಬೈದದ್ದನ್ನೆಲ್ಲ ಮರೆತಿದ್ದೆ. ಸಿಟ್ಟಿನಲ್ಲಿ ಯಾರು ತಾನೇ ಏನನ್ನುವುದಿಲ್ಲ, ಹೋಗಲಿ ಅಂದುಕೊಂಡಿದ್ದೆ. ಆದರೆ ನೀವು ದೇವರ ಮುಂದೆ ಸುಳ್ಳು ಹೇಳುವವರಲ್ಲ, ಅಪ್ಪಾ."

ಬಡಗಿ ಲೋಟ ಅಲ್ಲೇ ಬಿಟ್ಟು ಎದ್ದ. ಮಗಳು ಬಸ್ಸಿನ ತನಕ ಬಂದು ಕಳಿಸಿಕೊಟ್ಟಳು. ಮುಂದೆಯೂ ತಂದೆ ತಾಯಿಯನ್ನು ಅವಳು ಕೈಬಿಡಲಿಲ್ಲ. ಹಬ್ಬಕ್ಕೆ ಬಟ್ಟೆ ಕಳಿಸುತ್ತಿದ್ದಳು, ಕಾಯಿಲೆ ಬಿದ್ದರೆ ಔಷಧಿ ಕಳಿಸುತ್ತಿದ್ದಳು, ತಾಯಿ ನೋಡಲು ಹೋದರೆ ಕಣ್ಣಲ್ಲಿ ನೀರು ತಂದುಕೊಂಡು ಅಪ್ಪಿಕೊಳ್ಳುತ್ತಿದ್ದಳು. ಆ ಮನೆಯ ಮೆಟ್ಟಿಲು ಮಾತ್ರ ಮತ್ತೆ ತುಳಿಯಲಿಲ್ಲ.

ಬಡಗಿ ಅಗುಳಿ ಕಿತ್ತು ಒಲೆಗೆ ಹಾಕಿದ. ಸಂಜೆ ಬಾಗಿಲು ಪೂರಾ ತೆರೆದಿಟ್ಟು ಮೊಣಕಾಲೂರಿದರೆ, ಕರ್ತನೇ ಎಂಬುದರಾಚೆಗೆ ಮಾತೇ ಹೊರಡದು. ಹಾಲು ಉಕ್ಕಿದರೆ ಈಗ ತಾನೇ ಎದ್ದು ಹೋಗಿ ಇಳಿಸುತ್ತಿದ್ದ. ಬೀದಿಯಲ್ಲಿ ಯಾರ ಹೆಜ್ಜೆ ಸದ್ದಾದರೂ ಕಣ್ಣು ಬಿಟ್ಟು ನೋಡುತ್ತಿದ್ದ. ಸಾಯುವ ತನಕ ನೋಡಿದ.

ಉಪದೇಶಿಗಳು ಕತೆ ಮುಗಿಸಿದರು.

"ಅಯ್ಯೋ ಪಾಪ. ಮನಸ್ಸು ಬಿಚ್ಚಿ, ಅಷ್ಟು ಚೆನ್ನಾಗಿ ಮಾಡಿದ ಪ್ರಾರ್ಥನೆ. ಅದೂ ದೇವರಿಗೆ ಕೇಳಿಸಲಿಲ್ಲವೇ, ಅಯ್ಯನವರೇ?"

ಉಪದೇಶಿಗಳು ಮೊಣಕಾಲಿಗೆ ಕೈಯೂರಿ ಎದ್ದರು. ತೆರೆದಿದ್ದ ಬಾಗಿಲಿನಿಂದ ಒಳಗೆ, ಖಾಲಿ ಬಿದ್ದಿದ್ದ ಹಿಂದಿನ ಬೆಂಚಿನ ಕಡೆಗೊಮ್ಮೆ ನೋಡಿದರು.

"ಕೇಳಿಸಿತು, ಜಯಶೀಲ. ಯಾರಿಗೆ ಹೇಳಿದನೋ ಅವಳಿಗೆ ಕೇಳಿಸಿತು."