ತೂಕ ಇಳಿದಾಗ ಎದ್ದ ಕೈ

ಲಕ್ವಾ ಹೊಡೆದ ಮೇಲೆ ಚೆನ್ನವೀರಪ್ಪನವರ ಎಡಗೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣಿನ ನೇರಕ್ಕೆ ಹಿಡಿಯಲಾಗದೆ, ಪೂಜೆಯ ಹೊತ್ತಿಗೆ ಆ ಶರಣರು ಕಣ್ಣೀರಿಡುತ್ತಿದ್ದರು. ವೈದ್ಯರು ಹೇಳಿದರೆಂದು, ತಂತಿ ಎಳೆದರೆ ತೂಕ ಮೇಲೇರುವ ವ್ಯಾಯಾಮದ ಕೇಬಲ್ ಮೆಷಿನ್ ಒಂದನ್ನು ಮನೆಗೆ ಆರಿಸಲು ಮಡದಿ ಗುರುಬಸವ್ವನೊಡನೆ ಅಂಗಡಿಗೆ ಬಂದರು.

ದೊಡ್ಡ ಮೆಷಿನ್ ಪಕ್ಕದ ಚಿಕ್ಕದಕ್ಕೆ ಹೇಳಿತು: "ನನ್ನ ತೂಕ ಎತ್ತಲು ಪೈಲ್ವಾನರೂ ಬೆವರುತ್ತಾರೆ. ನಿನ್ನದನ್ನು ಕೂಸು ಕೂಡ ಎಳೆದೀತು. ನಿನ್ನನ್ನು ಯಾರು ಒಯ್ದಾರು?"

"ಶಿವನ ಚಿತ್ತ, ಅಣ್ಣಾ," ಎಂದಿತು ಚಿಕ್ಕದು.

"ಈ ದೊಡ್ಡದು ನೋಡ್ರಿ, ಗಟ್ಟಿಮುಟ್ಟೈತಿ," ಎಂದರು ಗುರುಬಸವ್ವ.

ಚೆನ್ನವೀರಪ್ಪನವರು ಅದರ ಹಿಡಿ ಜಗ್ಗಿದರು. ತೂಕ ಅಲುಗಲಿಲ್ಲ. "ಇದು ನನ್ನ ಮಾತು ಕೇಳೂದಿಲ್ಲ ಬಿಡು," ಎಂದರು.

ಬಳಿಕ ಚಿಕ್ಕದರ ಮೇಲಿನ ಗಾಲಿಯಿಂದ ಇಳಿಬಿದ್ದ ಪಟ್ಟಿಯನ್ನು ಬಲಗೈಯಿಂದ ಕೆಳಗೆಳೆದು ತೂಕ ಏರಿಸಿ, ಎಡ ಮಣಿಕಟ್ಟಿಗೆ ಬಿಗಿದು, ಮೆಲ್ಲನೆ ಸಡಿಲಬಿಟ್ಟರು. ಹಿಂದೆ ತೂಕ ಇಳಿಯುತ್ತ ಬಂತು. ಮುಂದೆ ಎಡಗೈ ಏಳುತ್ತ ಹೋಗಿ, ಬರಿದಾದ ಅಂಗೈ ಕಣ್ಣಿನ ನೇರಕ್ಕೆ ನಿಂತಿತು. ಅವರು ರೆಪ್ಪೆ ಮಿಟುಕಿಸಲಿಲ್ಲ. ಗುರುಬಸವ್ವ ಅಂಗಡಿಯಲ್ಲೇ ಚಪ್ಪಲಿ ಕಳಚಿ ಕೈಮುಗಿದರು.

"ತಮ್ಮಾ, ಅದೇನು ಮಾಡಿದೆ?" ಎಂದು ದೊಡ್ಡದು ಮೆತ್ತಗೆ ಕೇಳಿತು.

"ನಾನು ಇಳಿದೆ, ಅಷ್ಟೇ. ಎತ್ತಿದವನು ಆ ಶಿವ."