ದ್ಯಾಮವ್ವನ ಹುಲ್ಲುಹಾಸು

ಶಿಷ್ಯ ಚನ್ನವೀರ ಒಂದು ದಿನ ಗುರುಗಳನ್ನು ಕೇಳಿದ: "ಗುರುಗಳೇ, ಯಾರ ಕಣ್ಣಿಗೂ ಬೀಳದ ಕೆಲಸವನ್ನು ಮನಸ್ಸಿಟ್ಟು ಮಾಡುವುದು ಹೇಗೆ? ಮಾಡಿದ್ದನ್ನು ಜನ ಗುರುತಿಸಬೇಡವೇ?"

ಗುರುಗಳು ಹೇಳಿದರು:

ಒಂದು ನಗರದ ಉದ್ಯಾನದಲ್ಲಿ ದ್ಯಾಮವ್ವ ಎಂಬ ಮಾಲಿ ಇದ್ದಳು. ಅಲ್ಲಿನ ಹುಲ್ಲುಹಾಸನ್ನು ವಾರಕ್ಕೊಮ್ಮೆ ಯಂತ್ರದಿಂದ ನೆಲಮಟ್ಟಕ್ಕೆ ಕತ್ತರಿಸಿ, ಬಿದ್ದ ಹುಲ್ಲನ್ನು ಗುಡಿಸಿ ಹೊರಗೆ ಹಾಕುವುದು ಆಕೆಯ ಕೆಲಸ. ಹನ್ನೆರಡು ವರ್ಷ ಹಾಗೆಯೇ ಮಾಡಿದಳು. ನೋಡುವುದಕ್ಕೆ ಹುಲ್ಲುಹಾಸು ಚೆನ್ನಾಗಿತ್ತು. ಆದರೆ ಮಳೆ ಬಂದರೆ ನೀರು ಇಂಗದೆ ಎರಡು ದಿನ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಬರಿಗಾಲಿಡಲು ಆಗದಷ್ಟು ನೆಲ ಕಾಯುತ್ತಿತ್ತು.

ಒಂದು ವರ್ಷ ಯಂತ್ರ ಕೆಟ್ಟಿತು. ರಿಪೇರಿಯಾಗಿ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹುಲ್ಲು ಗೇಣುದ್ದ ಬೆಳೆದಿತ್ತು. ಯಂತ್ರ ಬಂದ ದಿನ ದ್ಯಾಮವ್ವ ಒಂದು ಕಳೆಯನ್ನು ಕಿತ್ತಳು. ಬೇರಿನೊಂದಿಗೆ ಬಂದ ಮಣ್ಣು ಮೆತ್ತಗಿತ್ತು, ತಂಪಾಗಿತ್ತು. ಅದರೊಳಗೆ ಒಂದು ಎರೆಹುಳು ಇತ್ತು. ಆ ನೆಲದಲ್ಲಿ ಆಕೆ ಎರೆಹುಳುವನ್ನು ಕಂಡದ್ದು ಅದೇ ಮೊದಲು. ಇಷ್ಟು ವರ್ಷ ತಾನು ಇವುಗಳ ನೆರಳನ್ನೂ ಅನ್ನವನ್ನೂ ಗುಡಿಸಿ ಹೊರಗೆ ಹಾಕುತ್ತಿದ್ದೆನಲ್ಲ ಎಂದು ಆಕೆಗೆ ನೋವಾಯಿತು.

ಅಂದಿನಿಂದ ಯಂತ್ರದ ಅಲಗನ್ನು ನಾಲ್ಕು ಬೆರಳು ಮೇಲಕ್ಕೆ ಏರಿಸಿದಳು. ತಿಂಗಳಿಗೊಮ್ಮೆ ಮಾತ್ರ ಕತ್ತರಿಸಿದಳು. ನಡುವಿನಿಂದ ಶುರುಮಾಡಿ ಹೊರಕ್ಕೆ ಬರುತ್ತಿದ್ದಳು, ಹುಳುಹುಪ್ಪಟೆಗೆ ಓಡಿಹೋಗಲು ದಾರಿ ಇರಲಿ ಎಂದು. ಕತ್ತರಿಸಿದ ಹುಲ್ಲನ್ನು ಅಲ್ಲಿಯೇ ಬಿಟ್ಟಳು.

ವಾಕಿಂಗ್‌ಗೆ ಬರುವವರು ದೂರು ಬರೆದರು. ಮಾಲಿ ಸೋಮಾರಿಯಾಗಿದ್ದಾಳೆ, ಹುಲ್ಲಿನಲ್ಲಿ ಹಾವು ಸೇರುತ್ತದೆ ಎಂದರು. ಮೇಲ್ವಿಚಾರಕ ಬಂದು, "ದ್ಯಾಮವ್ವ, ಹುಲ್ಲು ಕತ್ತರಿಸಲೆಂದೇ ನಿಮಗೆ ಸಂಬಳ. ಹೀಗಾದರೆ ಬೇರೆಯವರನ್ನು ಹಾಕಬೇಕಾಗುತ್ತದೆ" ಎಂದ.

ದ್ಯಾಮವ್ವ ಅವನನ್ನು ಕರೆದುಕೊಂಡು ಹೊರಟಳು. ಉದ್ಯಾನದ ಕಚೇರಿಯ ಮುಂದೆ ಇನ್ನೊಬ್ಬ ಮಾಲಿ ನೆಲಮಟ್ಟಕ್ಕೆ ಕತ್ತರಿಸುತ್ತಿದ್ದ ಹುಲ್ಲುಹಾಸಿತ್ತು. ಅಲ್ಲಿ ಒಂದು ಗೇಣು ಅಗೆದಳು. ಮಣ್ಣು ಹೆಂಚಿನ ಚೂರಿನಂತೆ ಎದ್ದಿತು. ಆಮೇಲೆ ತನ್ನ ಹುಲ್ಲಿನ ಕೆಳಗೆ ಅಗೆದಳು. ಮಣ್ಣು ಕೈಯಲ್ಲಿ ಪುಡಿಯಾಯಿತು. ಅದರಲ್ಲಿ ಏಳು ಎರೆಹುಳುಗಳು ಹೊರಳುತ್ತಿದ್ದವು.

"ನೆಲ ಉಳುವುದು ಇವು, ಸಾಹೇಬರೇ. ಇವುಗಳ ತಲೆಯ ಮೇಲೆ ಒಂದಿಷ್ಟು ನೆರಳು ಬಿಟ್ಟಿದ್ದೇನೆ, ಅಷ್ಟೇ."

ಮೇಲ್ವಿಚಾರಕ ಆ ಮಣ್ಣನ್ನು ಕೈಗೆ ತೆಗೆದುಕೊಂಡು ನೋಡಿದ. "ನನಗೇನೋ ಕಂಡಿತು. ದೂರು ಬರೆದವರು ಅಗೆದು ನೋಡುವವರಲ್ಲ" ಎಂದ. ದೂರು ನಿಲ್ಲುವಂತೆ ಮಾಡಲು ಆಕೆಗೆ ಒಂದು ತಿಂಗಳ ಗಡುವು ಕೊಟ್ಟು ಹೋದ.

ದ್ಯಾಮವ್ವ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಕಾಲುದಾರಿಯ ಉದ್ದಕ್ಕೂ ದಾರ ಕಟ್ಟಿ, ಒಂದು ಮೊಳದಷ್ಟು ಅಗಲಕ್ಕೆ ಹುಲ್ಲನ್ನು ಒಪ್ಪವಾಗಿ ಕತ್ತರಿಸಿದಳು. ಆ ಅಂಚನ್ನು ವಾರ ತಪ್ಪದೆ ಕತ್ತರಿಸುತ್ತ ಬಂದಳು. ನಡುವಿನ ಹುಲ್ಲನ್ನು ಅದರ ಪಾಡಿಗೆ ಬಿಟ್ಟಳು. ನಡೆಯುವವರು ನೇರವಾದ ಅಂಚನ್ನು ಕಂಡರು. ಉದ್ಯಾನ ಅವರಿಗೆ ಅಚ್ಚುಕಟ್ಟಾಗಿ ಕಂಡಿತು. ಮತ್ತೆ ದೂರು ಬರಲಿಲ್ಲ.

ಆ ವರ್ಷ ಮಳೆ ಮೂರು ದಿನ ಬಿಡದೆ ಸುರಿಯಿತು. ಬೇರೆ ಉದ್ಯಾನಗಳು ಕೆರೆಗಳಾದವು. ದ್ಯಾಮವ್ವನ ಹುಲ್ಲಿನಲ್ಲಿ ಮಳೆ ನಿಂತ ಸಂಜೆಯೇ ನೀರು ಇಂಗಿತ್ತು. ಗೊರವಂಕಗಳು ಇಳಿದು ಹುಳು ಹೆಕ್ಕುತ್ತಿದ್ದವು. ಮುಂದಿನ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿಯೇ ಉಳಿಯಿತು. ಹೀಗೆ ಆಕೆ ಇನ್ನೂ ಒಂಬತ್ತು ವರ್ಷ ಆ ನೆಲವನ್ನು ಕಾದಳು.

ಗುರುಗಳು ಮಾತು ನಿಲ್ಲಿಸಿದರು.

"ಹಾಗಾದರೆ ಕೊನೆಗೆ ಜನ ಆಕೆಯ ಕೆಲಸವನ್ನು ಗುರುತಿಸಿದರಲ್ಲವೇ?" ಎಂದ ಚನ್ನವೀರ.

"ಗುರುತಿಸಿದರು. ನಿವೃತ್ತಿಯ ದಿನ ಹಾರ ಹಾಕಿ, ಇಷ್ಟು ನೇರವಾಗಿ ಅಂಚು ಕತ್ತರಿಸುವವರು ಇನ್ನೊಬ್ಬರಿಲ್ಲ ಎಂದರು."